ಎಣ್ಣೆ ವಾರಕ್ಕೆಷ್ಟು ಸಲ?

ತಲೆಹೊಟ್ಟು ನನ್ನದು, ಉದುರುತ್ತಿದ್ದ ಕೂದಲೂ ನನ್ನದೇ. ಇವರು ಬರೀ ಕಾರು ಓಡಿಸಿಕೊಂಡು ಬಂದವರು, ಪಕ್ಕದ ಕುರ್ಚಿಯಲ್ಲಿ ಮೊಬೈಲು ಉಜ್ಜುತ್ತ ಕೂತಿದ್ದರು. ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನನ್ನ ಬೈತಲೆ ಬಗೆದು ನೋಡುತ್ತ, "ಎಣ್ಣೆ ವಾರಕ್ಕೆಷ್ಟು ಸಲ?" ಅಂದರು. ನಾನು ಬಾಯಿ ತೆಗೆಯುವುದರೊಳಗೆ ಪಕ್ಕದಿಂದ ಉತ್ತರ ಹೋಯಿತು. "ಒಂದೇ ಸಲ ಮೇಡಂ, ಶನಿವಾರ. ಅದೂ ಫ್ರೆಂಡ್ಸ್ ಬಂದ್ರೆ."

ಡಾಕ್ಟರಮ್ಮ ನಗಲಿಲ್ಲ. ದಿನಕ್ಕೊಬ್ಬರಾದರೂ ಹೀಗೆ ಸಿಕ್ಕಿಬೀಳುತ್ತಾರೇನೋ. "ತಲೆಗೆ ಹಚ್ಚೋದು ಸಾರ್, ತಲೆಗೆ ಏರೋದಲ್ಲ" ಎಂದು ಮತ್ತೆ ನನ್ನ ನೆತ್ತಿಯ ಕಡೆ ಬಗ್ಗಿದರು. ಕನ್ನಡದಲ್ಲಿ ಎಣ್ಣೆ ಅನ್ನುವ ಮಾತಿನ ಗತಿ ನೋಡಿ. ನಮ್ಮಜ್ಜಿ "ಇವತ್ತು ಅವನಿಗೆ ಎಣ್ಣೆ" ಅಂದರೆ ಮನೆಯಲ್ಲಿ ಹಬ್ಬ ಎಂದರ್ಥ. ಈಗ ಅದೇ ಮಾತನ್ನು ಫೋನಿನಲ್ಲಿ ಹೇಳಿದರೆ ಆ ಕಡೆಯಿಂದ "ಅಯ್ಯೋ, ಯಾವಾಗಿಂದ?" ಎಂದು ಕೇಳುತ್ತಾರೆ.

ಡಾಕ್ಟರಮ್ಮ ಹೇಳಿದ್ದಿಷ್ಟು. ಹೊಟ್ಟೆದ್ದಿದೆ ಅಂದರೆ ತಲೆ ಒಣಗಿದೆ ಅಂತಲ್ಲ. ಮಲಸೇಜಿಯ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯ ಮೇಲೂ ಸಂಸಾರ ಹೂಡಿರುತ್ತದೆ, ಅದರ ಊಟವೇ ಜಿಡ್ಡು. ರಾತ್ರಿಯಿಡೀ ಎಣ್ಣೆ ಮೆತ್ತಿಕೊಂಡು ಮಲಗಿದರೆ ಅದಕ್ಕೆ ಹಬ್ಬದೂಟ. ಆದ್ದರಿಂದ ಬುಡಕ್ಕೆ ಸದ್ಯಕ್ಕೆ ಬೇಡವೇ ಬೇಡ. ಬೇಕೇ ಬೇಕು ಅಂತಿದ್ದರೆ ವಾರಕ್ಕೊಮ್ಮೆ, ತೊಳೆಯುವುದಕ್ಕೆ ಒಂದೆರಡು ಗಂಟೆ ಮೊದಲು, ತುದಿಗೆ ಮಾತ್ರ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ವರದಿ ಒಪ್ಪಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ತುದಿಗಾ? ಗಿಡಕ್ಕೆ ನೀರು ಬುಡಕ್ಕೆ ಹಾಕ್ತಾರೋ ಎಲೆಗೆ ಹಾಕ್ತಾರೋ?" ಅಂದಳು. ಅದಾದ ಮೇಲೆ ಕೇಳಿದ್ದು: "ಆ ಡಾಕ್ಟರ ಜಡೆ ಎಷ್ಟುದ್ದ ಇತ್ತು?" ಬಾಬ್ ಕಟ್ ಅಂತ ನಾನು ಬಾಯಿ ಬಿಡಬಾರದಿತ್ತು. ಅಲ್ಲಿಗೆ ವೈದ್ಯಶಾಸ್ತ್ರ ಸೋತಿತು. ಅಮ್ಮನ ಲೆಕ್ಕದಲ್ಲಿ ವಾರಕ್ಕೆ ಎರಡು ಸಲ, ತಪ್ಪುವಂತಿಲ್ಲ. ಎದುರು ಫ್ಲಾಟಿನ ಆಂಟಿ ದಿನಾ ಒಂದು ಚಮಚ ಅನ್ನುತ್ತಾರೆ, ಆಯುರ್ವೇದದ ವಾಗ್ಭಟರೂ ಅವರ ಕಡೆಗೇ ಇದ್ದಾರೆ. 'ಅಷ್ಟಾಂಗಹೃದಯ'ದ ದಿನಚರ್ಯೆಯಲ್ಲಿ ಅಭ್ಯಂಗ ನಿತ್ಯವೂ ಆಗಬೇಕು, ಅದರಲ್ಲೂ ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಅಂತಿದೆ. ಕಫ ಕಟ್ಟಿದವರು, ಅಜೀರ್ಣವಾದವರು ಮಾಡಬಾರದಂತೆ. ಮಗಳನ್ನು ಕೇಳಿದರೆ, "ಈ ಜನ್ಮಕ್ಕೆ ಒಂದು ಸಲ ಸಾಕು, ಅದು ಆಗಿಹೋಗಿದೆ" ಅಂದಳು.

ಇಷ್ಟು ಜನ ಇಷ್ಟು ಥರ ಹೇಳುವಾಗ ನನಗೆ ನೆನಪಾಗುವುದು ತೀರ್ಥಹಳ್ಳಿ ಕಡೆಯ ನಮ್ಮಜ್ಜಿಮನೆಯ ಬಚ್ಚಲು. ಹದಿನಾಲ್ಕು ಜನರ ಮನೆಗೆ ಒಂದೇ ಹಂಡೆ. ಬಾವಿಯಿಂದ ಸೇದಿ ತುಂಬಿಸಬೇಕು, ಬೆಳಗಿನ ಜಾವವೇ ಒಲೆಗೆ ಅಡಿಕೆ ಹಾಳೆ, ಸೋಗೆ, ತೆಂಗಿನ ಚಿಪ್ಪು ತುರುಕಿ ಉರಿ ಹಚ್ಚಬೇಕು. ತಲೆಗೆರೆಯುವುದಕ್ಕೆ ಒಬ್ಬೊಬ್ಬರಿಗೆ ನಾಲ್ಕೈದು ಕೊಡ ಬಿಸಿನೀರು. ಎಲ್ಲರೂ ಒಂದೇ ದಿನ ಎಣ್ಣೆ ಹಚ್ಚಿಕೊಂಡು ಕೂತರೆ ಸೌದೆ ಕೊಟ್ಟಿಗೆ ಬರಿದಾಗುತ್ತಿತ್ತು. ಹಾಗಾಗಿ ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ, ಇಸ್ಕೂಲಿಗೆ ಹೋಗುವ ಮಕ್ಕಳಿಗೆ ಭಾನುವಾರ ಎಂದು ಪಾಳಿ.

ಭಾನುವಾರ ಎದ್ದು ಹಲ್ಲುಜ್ಜಿದ್ದೇ ತಡ, ಅಜ್ಜಿ ಒಲೆಯ ಪಕ್ಕ ಬಿಸಿಗಿಟ್ಟಿದ್ದ ಎಣ್ಣೆ ಮಿಳ್ಳೆ ಹಿಡಿದು ಕೂಗುತ್ತಿದ್ದಳು. ಮಣೆಯ ಮೇಲೆ ಕೂರಬೇಕು, ಮಿಸುಕಾಡುವಂತಿಲ್ಲ. ಅಂಗೈಯಲ್ಲಿ ಒಂದು ಗುಣಿಯಷ್ಟು ಎಣ್ಣೆ ಹೊಯ್ದುಕೊಂಡು ನೆತ್ತಿಯ ಮೇಲೆ ತಪ್ಪೆಂದು ಹಾಕಿದರೆ, ಮೊದಲು ಬಿಸಿ, ಆಮೇಲೆ ಕಿವಿಯ ಹಿಂದೆ ಹರಿದು ಬರುವ ಕಚಗುಳಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿದ ಹಾಗೆ ಎಂದು ಗಾದೆ ಮಾಡಿದವರಿಗೆ ಹರಳೆಣ್ಣೆ ಕಣ್ಣಿಗಿಳಿದ ಅನುಭವ ಇದ್ದಂತಿಲ್ಲ. ಮುಚ್ಚದೆ ಬದುಕಿದವರುಂಟೆ! ತಟ್ಟಿ, ಉಜ್ಜಿ, ಕೊನೆಗೆ ಉಳಿದದ್ದನ್ನು ನಮ್ಮ ಮೊಣಕಾಲಿಗೂ ತನ್ನ ಮೊಣಕಾಲಿಗೂ ಸವರಿ ಅಜ್ಜಿ ಮಿಳ್ಳೆ ಮುಚ್ಚುತ್ತಿದ್ದಳು.

ಆ ಮಿಳ್ಳೆಯಲ್ಲಿ ಭಾನುವಾರ ಮಾತ್ರ ಒಂದು ದಾಸವಾಳದ ಎಸಳು ತೇಲುತ್ತಿರುತ್ತಿತ್ತು. ಕೂದಲಿಗೆ ಒಳ್ಳೆಯದಿರಬೇಕು ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಪಂಚಾಂಗದ ಹಿಂದಿನ ಪುಟದಲ್ಲಿ ಕಾರಣ ಸಿಕ್ಕಿತು. ಎಣ್ಣೆಸ್ನಾನಕ್ಕೆ ಬುಧವಾರ ಧನ, ಶನಿವಾರ ಸುಖ, ಭಾನುವಾರ ತಾಪ. ಮಂಗಳವಾರದ ಫಲವನ್ನು ನಾನು ಇಲ್ಲಿ ಬರೆಯುವುದಿಲ್ಲ, ಇವತ್ತೇ ಯಾರಾದರೂ ಹಚ್ಚಿಕೊಂಡು ಕೂತಿರಬಹುದು. ಆದರೆ ಶಾಸ್ತ್ರ ಮಾಡಿದವರು ಸಂಸಾರಸ್ಥರು, ಕೆಳಗಿನ ಸಾಲಿನಲ್ಲೇ ದಾರಿಯನ್ನೂ ಬಿಟ್ಟಿದ್ದಾರೆ: ಎಣ್ಣೆಗೆ ಭಾನುವಾರ ಹೂವು, ಮಂಗಳವಾರ ಚಿಟಿಕೆ ಮಣ್ಣು, ಗುರುವಾರ ಗರಿಕೆ, ಶುಕ್ರವಾರ ಸಗಣಿ ಸೇರಿಸಿದರೆ ದೋಷವಿಲ್ಲ. ಅಜ್ಜಿ ಭಾನುವಾರದ ಹೂವನ್ನು ಇಟ್ಟುಕೊಂಡು ಶುಕ್ರವಾರದ ಸಗಣಿಯನ್ನು ಸದ್ದಿಲ್ಲದೆ ಕೈಬಿಟ್ಟಿದ್ದಳು. ಶುಕ್ರವಾರದ ಪಾಳಿ ಅವಳದ್ದೇ ಆಗಿತ್ತಲ್ಲ.

ಮಳೆಗಾಲ ಬಂದರೆ ಈ ಪಾಳಿಯೆಲ್ಲ ರದ್ದು. ಆರಿದ್ರೆ ಹಿಡಿಯಿತೆಂದರೆ ಸೌದೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಮತ್ತಿ ಸೊಪ್ಪಿನ ಗೊಂಪು ಹಾಕಿ ತಿಕ್ಕಿ ತೊಳೆದರೂ ಮೊಣಕೈ ಮುಟ್ಟುವ ಜಡೆ ಸಂಜೆಯಾದರೂ ಒಣಗದು. ಬುಟ್ಟಿ ಕವುಚಿ, ಒಳಗೆ ಕೆಂಡ ಇಟ್ಟು, ಸಾಂಬ್ರಾಣಿ ಹೊಗೆಯ ಮೇಲೆ ಕೂದಲು ಹರಡಿ ಕೂರಬೇಕಿತ್ತು. ಅಂಥ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಯಾದರೆ ಹೆಚ್ಚು. ಬೇಸಿಗೆಯಲ್ಲಿ ವಾರಕ್ಕೊಂದು ಸಲ ಬೇಡುತ್ತಿದ್ದ ಅದೇ ತಲೆ ಮಳೆಗಾಲದಲ್ಲಿ ಸುಮ್ಮನಿರುತ್ತಿತ್ತು ಅಂದರೆ, ವಾರದ ಲೆಕ್ಕ ತಲೆಯದಾಗಿರಲೇ ಇಲ್ಲ, ಸೌದೆಯದು. ಅಮ್ಮ ಇದನ್ನು ಒಪ್ಪುವುದಿಲ್ಲ.

ಇನ್ನು ಬುಡವೋ ತುದಿಯೋ ಎಂಬ ಜಗಳ. ಇದರಲ್ಲಿ ನಾನು ಡಾಕ್ಟರಮ್ಮನ ಕಡೆ, ಅಮ್ಮನೆದುರು ಹೇಳುವ ಧೈರ್ಯವಿಲ್ಲ ಅಷ್ಟೆ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರು ಬೆಳೆಯುತ್ತದೆ. ನನ್ನ ಜಡೆ 60 ಸೆಂಟಿಮೀಟರು ಇದೆ. ಅಂದರೆ ಅದರ ತುದಿಗೆ ಐದು ವರ್ಷ ವಯಸ್ಸು, ಎಷ್ಟು ಬಾಚಣಿಗೆ, ಎಷ್ಟು ಬಿಸಿಲು, ಎಷ್ಟು ಬೋರ್‌ವೆಲ್ ನೀರು ಕಂಡಿದೆಯೋ. ಬುಡವಾದರೋ ಹೋದ ವಾರ ಹುಟ್ಟಿದ ಕೂಸು, ಪಕ್ಕದಲ್ಲೇ ನೆತ್ತಿಯ ಜಿಡ್ಡಿನ ಊಟೆಯೂ ಇದೆ. ನಾವು ಕೂಸಿಗೆ ಬಟ್ಟಲುಗಟ್ಟಲೆ ಉಣಿಸಿ ಮುದುಕಿಯನ್ನು ಉಪವಾಸ ಕೆಡವಿದ್ದೇವೆ. ಕೂದಲು ಗಿಡವಲ್ಲ, ಅಮ್ಮ ಹೇಳಿದ ಹಾಗೆ ಬುಡಕ್ಕೆ ಎರೆದರೆ ತುದಿಗೆ ಹತ್ತುವುದಿಲ್ಲ. ಹೊರಗೆ ಬಂದ ಮೇಲೆ ಅದು ಸತ್ತ ಪ್ರೋಟೀನಿನ ಎಳೆ, ಹಚ್ಚಿದಲ್ಲಿ ಹಚ್ಚಿದಷ್ಟೇ ಲಾಭ.

ಆ ಲಾಭವಾದರೂ ಇದೆಯೋ ಅಂದರೆ, ಇದೆ. 2003ರಲ್ಲಿ ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ ಎಂಬ ಸಂಶೋಧಕರು ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನು ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಸಣ್ಣದು, ನೆಟ್ಟಗಿನದು, ಎಳೆಯೊಳಕ್ಕೆ ನುಸುಳುತ್ತದೆ. ಮಿಕ್ಕವು ಬಾಗಿಲಲ್ಲೇ ನಿಂತವು. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಪ್ಯಾರಾಶೂಟ್ ಎಣ್ಣೆಯ ಮಾರಿಕೊ ಕಂಪನಿಯಲ್ಲಿ ಎಂಬುದನ್ನೂ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬೇಡಿ.

ಆ ನೀಲಿ ಬಾಟಲಿ ನಮ್ಮ ಮನೆಯಲ್ಲೂ ಇದೆ. ಲೇಬಲ್ಲನ್ನು ಒಮ್ಮೆ ಓದಿ ನೋಡಿ, ಹಸಿರು ಚುಕ್ಕಿಯಿದೆ, ತಿನ್ನುವ ಎಣ್ಣೆಯೆಂದಿದೆ, ಕೂದಲಿನ ಸೊಲ್ಲೇ ಇಲ್ಲ. ಅಡುಗೆ ಎಣ್ಣೆಗೆ ಕಡಿಮೆ ತೆರಿಗೆ, ಕೇಶತೈಲಕ್ಕೆ ಹೆಚ್ಚು (ಜಿಎಸ್‌ಟಿ ಬಂದ ಮೇಲೆ ಶೇ 5 ಮತ್ತು ಶೇ 18) ಇದ್ದ ಕಾಲದ ಜಾಣತನ ಅದು. ತೆರಿಗೆಯವರು ಬಿಟ್ಟಾರೆಯೇ? ಇಷ್ಟು ಸಣ್ಣ ಬಾಟಲಿಯಲ್ಲಿ ಯಾರು ಬೋಂಡ ಕರಿಯುತ್ತಾರೆ, ಇದು ತಲೆ ಎಣ್ಣೆಯೇ ಎಂದು ಪಟ್ಟು ಹಿಡಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ, ಗಂಡಹೆಂಡತಿಗೇ ಬಾರದ್ದು ಅವರಿಗೆ ಹೇಗೆ ಬಂದೀತು. ಕೊನೆಗೆ 2024ರ ಡಿಸೆಂಬರಿನಲ್ಲಿ ಮೂವರ ಪೀಠ, ಸಣ್ಣ ಬಾಟಲಿಯಲ್ಲಿದ್ದ ಮಾತ್ರಕ್ಕೆ ಕೇಶತೈಲವಾಗುವುದಿಲ್ಲ, ಹಾಗೆಂದು ಬರೆದು ಮಾರದಿದ್ದರೆ ಅಡುಗೆ ಎಣ್ಣೆಯೇ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಕೇಶತೈಲಕ್ಕೂ ಶೇ 5 ಆಗಿ ಜಗಳದ ಬುಡವೇ ಹೋಯಿತು. ಅಷ್ಟರಲ್ಲಿ ತೆಂಗಿನೆಣ್ಣೆಯ ಧಾರಣೆ ಲೀಟರಿಗೆ ನಾನೂರು ದಾಟಿತ್ತು. ಆ ವರ್ಷ ಅಮ್ಮನ ಅಂಗೈಯ ಗುಣಿ ಚಿಕ್ಕದಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮವರನ್ನು ಕೇಳಿದ್ದರೆ ಕೋರ್ಟಿಗೆ ಅಷ್ಟು ವರ್ಷ ಬೇಕಿರಲಿಲ್ಲ. ಇವರು ಮಂಡ್ಯದವರು. ಮದುವೆಯಾದ ಹೊಸತರಲ್ಲಿ ಮಂಗಳೂರಿನ ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ ಪಲ್ಯದ ಒಗ್ಗರಣೆಯ ಘಮಕ್ಕೆ ಬೆಚ್ಚಿ, ನನ್ನ ಕಿವಿಯಲ್ಲಿ, "ಯಾರೋ ತಲೆಗೆ ಹಚ್ಚೋ ಎಣ್ಣೇಲಿ ಅಡುಗೆ ಮಾಡ್ಬಿಟ್ಟವ್ರೆ ಕಣೇ" ಅಂದಿದ್ದರು. ಊಟ ಬಡಿಸುತ್ತಿದ್ದ ಅತ್ತೆಯ ಕಿವಿ ಚುರುಕು. ಇವತ್ತಿಗೂ ಇವರು ಹೋದರೆ ಆಕೆ ಬೇರೆ ಎಣ್ಣೆಯ ಒಗ್ಗರಣೆ ಕೊಟ್ಟು, ಕೊಟ್ಟೆನೆಂದು ಮೂರು ಸಲ ಹೇಳುತ್ತಾರೆ.

ಕಳೆದ ವರ್ಷ ಇವರೇ ಒಂದು ಬಾಟಲಿ ತಂದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಕಾಯಿಸುವ ಆದಿವಾಸಿ ಎಣ್ಣೆ. ಮಂಡಿಯವರೆಗೆ ಜಡೆ ಬಿಟ್ಟ ಗಂಡಸರು ಮೊಬೈಲಿನಲ್ಲಿ ಕೂದಲು ಕೊಡವಿದ್ದನ್ನು ನೋಡಿ ಇವರ ಬೋಳು ನೆತ್ತಿಯಲ್ಲಿ ಆಸೆ ಮೊಳೆತಿತ್ತು. ಆಸೆ ಮಾತ್ರ ಮೊಳೆತಿದೆ. ಆದರೆ ಆ ಜನರ ಎದೆಗಾರಿಕೆಗೆ ನಾನು ಬೆರಗಾಗಿದ್ದೇನೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಕೊಂಡಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳಿದ್ದರು. ಮೂಲಿಕೆ ಔಷಧಿ ಮಾರುವುದಕ್ಕೆ ಅಷ್ಟು ದೂರ ಹೋದವರು. ನಾನು ಎಣ್ಣೆ ಹಚ್ಚಿದ ತಲೆಯಲ್ಲಿ ಲಿಫ್ಟಿನವರೆಗೆ ಹೋಗುವುದಕ್ಕೂ ನಾಚುತ್ತೇನೆ.

ಈ ನಾಚಿಕೆ ಎಲ್ಲಿಂದ ಬಂತೋ. ನಾವು ಶಾಲೆಗೆ ಹೋಗುವಾಗ ಎಣ್ಣೆ ಹಚ್ಚದ ತಲೆ ಕಂಡರೆ ಮೇಷ್ಟ್ರು, "ಯಾಕೆ, ಮನೇಲಿ ಸೂತಕವಾ?" ಎಂದು ಕೇಳುತ್ತಿದ್ದರು. ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿದ ನಲವತ್ತು ತಲೆಗಳ ಜಿಡ್ಡು ಬಿಸಿಲಿಗೆ ಕಾದು ಮಧ್ಯಾಹ್ನದ ತರಗತಿ ಕೊಬ್ಬರಿ ಮಿಠಾಯಿಯಂತೆ ಘಮಗುಡುತ್ತಿತ್ತು. ಕೆಂಪು ಬಸ್ಸಿನ ಪ್ರತಿ ಕಿಟಕಿ ಗಾಜಿನ ಮೇಲೂ ನಿದ್ದೆಗೆ ಒರಗಿದವರ ತಲೆಯ ಗುಂಡು ಗುರುತು. ನಮ್ಮಪ್ಪನ ಆರಾಮ ಕುರ್ಚಿಯ ಹಿಂದಿನ ಗೋಡೆಗೆ ಪ್ರತಿ ದೀಪಾವಳಿಗೂ ಸುಣ್ಣ ಬಳಿಸುತ್ತಿದ್ದೆವು, ಸಂಕ್ರಾಂತಿಗೆ ಮುಂಚೆಯೇ ಆ ಕಂದು ವೃತ್ತ ಮತ್ತೆ ಮೂಡಿ ಅಪ್ಪನಿಗಾಗಿ ಕಾಯುತ್ತಿತ್ತು.

ಇಷ್ಟೆಲ್ಲ ತೂಗಿ ನೋಡಿ ಹೋದ ಶನಿವಾರ ನನ್ನದೇ ಒಂದು ಪದ್ಧತಿ ಜಾರಿಗೆ ತಂದೆ. ವಾರಕ್ಕೊಮ್ಮೆ, ತುದಿಗೆ ಜಾಸ್ತಿ, ಅಮ್ಮ ಕೇಳಿದರೆ ಸುಳ್ಳಾಗದಿರಲಿ ಅಂತ ನೆತ್ತಿಗೆ ಒಂದೇ ಹನಿ, ಸರಿಯಾಗಿ ಎರಡು ಗಂಟೆ. ಬೆಂಗಳೂರಿನ ಚಳಿಗೆ ಬಾಟಲಿಯಲ್ಲಿ ಎಣ್ಣೆ ಸುಣ್ಣದುಂಡೆಯಾಗಿತ್ತು, 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಹಣೆಬರಹವೇ ಹಾಗೆ. ಕುಕ್ಕರಿನ ಪಕ್ಕ ಇಟ್ಟು ಕರಗಿಸಿ, ಸಾವಕಾಶವಾಗಿ ಎಳೆ ಎಳೆಗೂ ಹಚ್ಚಿ, ಹಳೇ ಟವೆಲ್ ಸುತ್ತಿ, ಗಡಿಯಾರ ನೋಡಿಕೊಂಡು ಕೂತೆ. ಹತ್ತಕ್ಕೆ ಹಚ್ಚಿದ್ದು, ಹನ್ನೆರಡಕ್ಕೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ನಲ್ಲಿ ಎರಡು ಸಲ ಬಿಕ್ಕಿತು, ಆಮೇಲೆ ಉಸಿರೂ ಇಲ್ಲ.

ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯೇ ಬಂದಿತ್ತಂತೆ: "ಮೋಟರ್ ರಿಪೇರಿ. ಟ್ಯಾಂಕರ್ ಸಂಜೆ 5ಕ್ಕೆ. ಸಹಕರಿಸಿ." ಅಡುಗೆಮನೆಯಲ್ಲಿ ಇದ್ದದ್ದು ಒಂದು ಕ್ಯಾನ್ ಕುಡಿಯುವ ನೀರು. ಅದನ್ನು ನಾನು ನೋಡಿದ್ದನ್ನು ಇವರು ನೋಡಿ ಕ್ಯಾನನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೂರು ಗಂಟೆಗೆ ಇವರ ಶನಿವಾರದ ಫ್ರೆಂಡ್ಸ್ ಬಂದರು. ಟವೆಲ್ ಸುತ್ತಿಕೊಂಡೇ ಬಾಗಿಲು ತೆರೆದೆ.

"ಏನತ್ತಿಗೆ, ಎಣ್ಣೇನಾ?" ಅಂದರು ಒಬ್ಬರು.

"ಹೂಂ, ಬನ್ನಿ, ನಿಮ್ದೂ ಇದೆ ಒಳಗೆ" ಅಂದೆ. ಟ್ಯಾಂಕರ್ ಬಂದಾಗ ಆರೂವರೆ.