ಹಗ್ಗ ಹಿಡಿದ ಹುಡುಗನಿಗೆ ನಾನು ನಾಲ್ಕೇ ಅಂಕ ಕೊಟ್ಟೆ

ನಿನ್ನೆ ಸಿಂಧನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ಮರಣದಂಡನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಮಾತಿನ ನಡುವೆ ಚೀಲದಿಂದ ಎಮ್ಮೆ ಕಟ್ಟುವ ಹಗ್ಗವನ್ನು ತೆಗೆದು, ಮನೆಯಲ್ಲೇ ಹಾಕಿಕೊಂಡು ಬಂದಿದ್ದ ಕುಣಿಕೆಯನ್ನು ಎತ್ತಿ ಹಿಡಿದು, "ಇದೊಂದೇ ಔಷಧ" ಎಂದ. ಮಕ್ಕಳು, ಶಿಕ್ಷಕರು, ಊರ ಹಿರಿಯರು ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ತೀರ್ಪುಗಾರರು ಹತ್ತಕ್ಕೆ ಹತ್ತು ಕೊಟ್ಟರು. ನಾನು ನಾಲ್ಕು ಕೊಟ್ಟೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಚಪ್ಪಾಳೆಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಈ ಊರಿಗೆ ಸಿಟ್ಟು ಬರಲು ಕಾರಣವಿಲ್ಲ ಎನ್ನಲಾರೆ. 2020ರಲ್ಲಿ ಒಂದು ಪ್ರೇಮವಿವಾಹದ ದ್ವೇಷಕ್ಕೆ ಒಂದೇ ಮನೆಯ ಹಲವರನ್ನು ಇಲ್ಲಿಯೇ ಕೊಂದರು. ಆ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಮರಣದಂಡನೆಯನ್ನೂ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಅಂಥ ಕೊಲೆಗಾರರಿಗೆ ಕಠಿಣ ಶಿಕ್ಷೆ ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕುಣಿಕೆ ಬೀಳುವುದು ಕಾಗದದ ಮೇಲಿನ ಸಾಕ್ಷ್ಯವನ್ನು ನಂಬಿ, ಮತ್ತು ಆ ಕಾಗದ ಹೇಗೆ ತಯಾರಾಗುತ್ತದೆ ಎಂಬುದನ್ನು ನಾನು ಬಲ್ಲೆ.

ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು ಎಂಬುದು ನಿಮಗೆಲ್ಲ ಗೊತ್ತು. ಇದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ. ಒಂದು ಕೊಲೆ ಪ್ರಕರಣದಲ್ಲಿ ಮುದುಕನೊಬ್ಬ ಕಟಕಟೆಯಲ್ಲಿ ನಿಂತು, "ಕತ್ತಲಿತ್ರೀ ಸಾಹೇಬ್ರ, ಅವನ ಇರಬೇಕು ಅನಿಸ್ತೈತಿ" ಎಂದ. ಹಾಳೆಯ ಮೇಲೆ ಅದು "ಹಾಜರಿರುವ ಆರೋಪಿಯೇ ಅವನೆಂದು ಗುರುತಿಸುತ್ತೇನೆ" ಎಂದಾಯಿತು. ಹೇಳಿ ಬರೆಸಿದ್ದನ್ನು ನಾನು ಟೈಪು ಮಾಡಿದೆ. "ಇರಬೇಕು" ಎಂಬ ಮಾತು ಬಿಟ್ಟುಹೋದದ್ದು ನನ್ನ ಕಿವಿಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. ಪಾಟೀ ಸವಾಲಿನಲ್ಲಿ "ಕತ್ತಲು" ಎಂಬ ಶಬ್ದವೊಂದು ಹೇಗೋ ಉಳಿದುಕೊಂಡಿದ್ದರಿಂದ, ಏಳು ವರ್ಷಗಳ ನಂತರ ಮೇಲ್ಮನವಿಯಲ್ಲಿ ಅವನ ಬಿಡುಗಡೆಯಾಯಿತು. ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯಲ್ಲಿದ್ದ ತನ್ನ ಸೈಕಲ್ಲನ್ನು ಬಿಡಿಸಿಕೊಳ್ಳಲು ಅವನು ನನ್ನ ಮೇಜಿನ ಮುಂದೆಯೇ ಬಂದು ನಿಂತ. ಟೈರುಗಳು ಕೊಳೆತು ರಿಮ್ಮಿಗೆ ಅಂಟಿದ್ದವು, ಸೀಟಿನ ಚರ್ಮವನ್ನು ಇಲಿ ತಿಂದಿತ್ತು. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಅವನಿಗೆ ಗಲ್ಲಾಗಿದ್ದರೆ ಆ ಸೈಕಲ್ಲನ್ನು ಯಾರ ಕೈಗೆ ಕೊಡುತ್ತಿದ್ದೆ?

ಮೇಲಿನ ಕೋರ್ಟುಗಳು ಎಲ್ಲವನ್ನೂ ಸೋಸಿ ನೋಡುತ್ತವೆ ಎಂದು ನನಗೆ ಪಾಠ ಹೇಳುವವರು ಬಹಳ. ಹೌದು, ಹೈಕೋರ್ಟು ದೃಢಪಡಿಸದೆ ಯಾರನ್ನೂ ಗಲ್ಲಿಗೇರಿಸುವಂತಿಲ್ಲ; ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಅಪರೂಪದಲ್ಲೇ ಅಪರೂಪವಾದ ಪ್ರಕರಣಕ್ಕೆ ಮಾತ್ರ ಈ ಶಿಕ್ಷೆ. ಇಷ್ಟೆಲ್ಲ ಇದ್ದೂ ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಖಾಯಂ ಮಾಡಿತು, ಅವರಲ್ಲಿ ಮೂವರಿಗೆ ಹೈಕೋರ್ಟು ಕೊಟ್ಟಿದ್ದ ಜೀವಾವಧಿಯನ್ನು ಗಲ್ಲಿಗೆ ಏರಿಸಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಬದುಕಿದ್ದರು, ಹಾಗಾಗಿ ಬಿಡಲು ಸಾಧ್ಯವಾಯಿತು. ರಾಜಸ್ಥಾನದ ಇಬ್ಬರಿಗೆ ಆ ಭಾಗ್ಯವಿರಲಿಲ್ಲ. ಅಪರಾಧವನ್ನಷ್ಟೇ ನೋಡಿ ಅಪರಾಧಿಯ ಪರಿಸ್ಥಿತಿಯನ್ನು ನೋಡದೆ ಹಿಂದೆ ಕೊಟ್ಟ ತೀರ್ಪು ಕಾನೂನಿಗೆ ವಿರುದ್ಧವಾಗಿತ್ತು ಎಂದು ಸುಪ್ರೀಂ ಕೋರ್ಟು 2009ರಲ್ಲಿ ಒಪ್ಪಿಕೊಳ್ಳುವ ಹೊತ್ತಿಗೆ, ಒಬ್ಬನನ್ನು 1996ರಲ್ಲಿ, ಇನ್ನೊಬ್ಬನನ್ನು 1997ರಲ್ಲಿ ಗಲ್ಲಿಗೇರಿಸಿ ಆಗಿತ್ತು.

ಹೆದರಿಕೆಯಾದರೂ ಹುಟ್ಟುತ್ತದೆ ಎನ್ನುತ್ತಾರೆ. ದೆಹಲಿಯ ಅತ್ಯಾಚಾರ ಪ್ರಕರಣದ ನಾಲ್ವರನ್ನು 2020ರ ಮಾರ್ಚ್ 20ರಂದು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಅದಕ್ಕೆ ಐದು ವರ್ಷ ತುಂಬುವುದರೊಳಗೆ ಹಂಪಿ ಬಳಿಯ ನಮ್ಮ ಸಣಾಪುರದ ಕಾಲುವೆ ದಂಡೆಯ ಮೇಲೆ ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು; ಬೇಕಾದರೆ ಗಂಗಾವತಿಯ ಗೆಳೆಯರನ್ನು ಕೇಳಿ.

"ನಿಮ್ಮ ಮನೆಯಲ್ಲೇ ಆಗಿದ್ದರೆ?" ಎಂದು ನಿನ್ನೆಯೂ ಒಬ್ಬರು ಕೇಳಿದರು. ಆಗಿದೆ. ಹೊಲದ ಬದುವಿನ ಜಗಳದಲ್ಲಿ ನನ್ನ ಸೋದರಮಾವನ ಮಗನನ್ನು ಕೊಡಲಿಯಿಂದ ಕಡಿದರು. ಹೆಣ ನೋಡಿದ ದಿನ ಕೊಲೆಗಾರನ ಕುತ್ತಿಗೆಯನ್ನು ನನ್ನ ಕೈಯಿಂದಲೇ ಹಿಚುಕಬೇಕು ಅನಿಸಿತ್ತು. ಆ ಸಂಕಟ ನನ್ನದು, ಅದನ್ನು ನಾನು ಸಾಯುವವರೆಗೂ ಹೊರುತ್ತೇನೆ. ಆದರೆ ಅದೇ ಸಂಕಟವನ್ನು ಕಾನೂನು ತನ್ನ ಕೈಗೆ ತೆಗೆದುಕೊಂಡು, ತಾರೀಖು ಗೊತ್ತು ಮಾಡಿ, ಡಾಕ್ಟರರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಬ್ಬ ಮನುಷ್ಯನನ್ನು ಕೊಲ್ಲುವುದನ್ನು ನಾನು ನ್ಯಾಯವೆಂದು ಒಪ್ಪಲಾರೆ. ಜೀವ ಇರುವವರೆಗೂ ಜೈಲಿನಲ್ಲಿಡಿ, ಒಂದು ದಿನವೂ ಹೊರಗೆ ಬಿಡಬೇಡಿ. ಅದಕ್ಕೆ ನನ್ನ ತಕರಾರಿಲ್ಲ.

ಬಹುಮಾನ ಹಂಚಿದ ಮೇಲೆ ಆ ಹುಡುಗ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ನನ್ನ ಬಳಿಗೆ ಬಂದು, "ನನಗ್ಯಾಕ ನಾಕೇ ಮಾರ್ಕ್ಸ್ ಕೊಟ್ರಿ ಸರ್?" ಎಂದು ಕೇಳಿದ. ಬಸ್ಸಿನ ಅವಸರದಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಸೋಮವಾರ ಮತ್ತೆ ಆ ಶಾಲೆಗೆ ಹೋಗುತ್ತೇನೆ. ಸೈಕಲ್ಲಿನ ವಿಷಯವನ್ನು ಅವನಿಗೆ ಹೇಳಬೇಕು, "ಇರಬೇಕು" ಎಂಬ ಮಾತು ಬಿಟ್ಟುಹೋದಾಗ ನಾನು ಸುಮ್ಮನೆ ಕೂತಿದ್ದನ್ನೂ ಹೇಳಬೇಕು.