ಕಾರ್ಬುರೇಟರ್‌ಗೆ ಕೈ ಹಾಕುವುದು ಕೊನೆಗೆ

ಹಳೇ ಸ್ಪೋರ್ಟ್ಸ್ ಕಾರು ಹೊಸದಾಗಿ ಕೈಗೆ ಬಂದವರಲ್ಲಿ ಹೆಚ್ಚಿನವರು ಮೊದಲ ವಾರವೇ ಮಾಡುವ ತಪ್ಪು ಒಂದಿದೆ. ಬಾನೆಟ್ ಎತ್ತಿ, ಪೆಟ್ರೋಲು ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಸ್ಕ್ರೂ ತಿರುಗಿಸುವುದು. ಸ್ಲೋ ಸ್ಪೀಡ್ ನಿಲ್ಲುತ್ತಿಲ್ಲ, ತಿರುಗಿಸು. ಪಿಕಪ್ ಇಲ್ಲ, ತಿರುಗಿಸು. ಮಿಸ್ಸಿಂಗ್ ಬರುತ್ತಿದೆ, ಇನ್ನರ್ಧ ಸುತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಗಾಡಿ ಬಂದಾಗ ಸೆಟ್ಟಿಂಗ್ ಹೇಗಿತ್ತು ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಇದು. ಬಹಳಷ್ಟು ಸಲ ರೋಗ ಇರುವುದು ಪ್ಲಗ್ಗಿಗೆ ಕಿಡಿ ಹುಟ್ಟಿಸುವ ಪಾಯಿಂಟ್‌ನಲ್ಲಿ, ಅದರ ಜೊತೆಗಿರುವ ಕಂಡೆನ್ಸರ್‌ನಲ್ಲಿ, ವಾಲ್ವ್ ತೆರೆಯುವ ಟ್ಯಾಪೆಟ್‌ನ ಗ್ಯಾಪ್‌ನಲ್ಲಿ, ಇಲ್ಲವಾದರೆ ಕಾರ್ಬುರೇಟರನ್ನು ಎಂಜಿನ್‌ಗೆ ಸೇರಿಸುವ ಮ್ಯಾನಿಫೋಲ್ಡ್ ಕೊಳವೆಯ ಗ್ಯಾಸ್ಕೆಟ್‌ನ ಸಂದಿಯಿಂದ ಒಳಗೆ ಹೋಗುವ ಗಾಳಿಯಲ್ಲಿ. ಇವೆಲ್ಲ ಸರಿಯಾದ ಮೇಲೂ ತೊಂದರೆ ಉಳಿದಿದ್ದರೆ ಮಾತ್ರ ಕಾರ್ಬುರೇಟರ್ ಕಡೆ ತಿರುಗಬೇಕು. ಈ ಕ್ರಮ ತಪ್ಪಿದರೆ ಎಷ್ಟು ಖರ್ಚು ಮಾಡಿದರೂ ಗಾಡಿ ಹಳಿಗೆ ಬರುವುದಿಲ್ಲ.

ಉದಾಹರಣೆಗೆ ಎಂಜಿಬಿಯನ್ನೇ ಇಟ್ಟುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಗಿ ಐದು ಲಕ್ಷಕ್ಕೂ ಹೆಚ್ಚು ಹೊರಬಂದ ಕಾರು ಅದು. 1,798 ಸಿಸಿ ಎಂಜಿನ್, ಹೆಚ್ಚಿನವಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಸರಳ ಯಂತ್ರವಾದ್ದರಿಂದ ಕಲಿಯುವುದಕ್ಕೆ ಒಳ್ಳೆಯದು. ಬೇರೆ ಕಾರಿನವರು ಅಂಕಿಗಳನ್ನು ತಮ್ಮ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಬೇಕು. ಅಂದಾಜು ಮಾಡಬಾರದು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನನ್ನೂ ಬಿಚ್ಚುವ ಮೊದಲು ಗಾಡಿ ಈಗ ಹೇಗಿದೆ ಅನ್ನುವುದನ್ನು ಬರೆಯಿರಿ. ಎಂಜಿನ್ ತಣ್ಣಗಿದ್ದಾಗ ಮತ್ತು ಬಿಸಿಯಾದಾಗ ಆಯಿಲ್ ಪ್ರೆಷರ್ ಎಷ್ಟು, ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಬ್ಯಾಟರಿ ವೋಲ್ಟೇಜ್ ಎಷ್ಟು, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಎಷ್ಟು. ಕಂಪ್ರೆಷನ್ ನೋಡುವಾಗ ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಪ್ರೆಷರ್ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಅಂಥ ಎಂಜಿನ್‌ಗೆ ಟ್ಯೂನಿಂಗ್ ಮಾಡುತ್ತಾ ಕೂರುವುದು ವ್ಯರ್ಥ.

ಕೆಲಸ ಶುರುವಾಗಬೇಕಾದ್ದು ಬ್ರೇಕ್‌ನಿಂದ. ಗಾಡಿ ಓಡುತ್ತದೋ ಇಲ್ಲವೋ ಆಮೇಲೆ, ನಿಲ್ಲಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದೇ ಮಟ್ಟ 155ಕ್ಕೆ ಇಳಿದಿರಬಹುದು. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗುವುದು ಇದರಿಂದಲೇ. ಆಯಿಲ್ ಕುದಿದು ಪೈಪಿನಲ್ಲಿ ಆವಿಯಾಗಿರುತ್ತದೆ. ಹಿಂದಿನವರು ಯಾವಾಗ ಬದಲಾಯಿಸಿದರು ಅನ್ನುವ ಬಾಯಿಮಾತು ನಂಬಬೇಡಿ, ಪೂರ್ತಿ ಹೊಸದು ಹಾಕಿ, ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬ್ಲೀಡ್ ಮಾಡುವಾಗ, ಅಂದರೆ ಪೈಪಿನೊಳಗಿನ ಗಾಳಿ ಹೊರಹಾಕುವಾಗ, ಪೆಡಲನ್ನು ನೆಲ ಮುಟ್ಟುವ ತನಕ ತುಳಿಯಬೇಡಿ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲು ವರ್ಷಗಟ್ಟಲೆ ಓಡಾಡಿರುವುದು ಮೇಲಿನ ಭಾಗದಲ್ಲಿ ಮಾತ್ರ. ಅದರಾಚೆ ತುಕ್ಕು ಹಿಡಿದು ತರಿತರಿಯಾಗಿರುತ್ತದೆ. ಸೀಲು ಅಲ್ಲಿಗೆ ಹೋದರೆ ಹರಿಯುತ್ತದೆ, ಚೆನ್ನಾಗಿದ್ದ ಸಿಲಿಂಡರ್ ಆ ದಿನವೇ ಸೋರಲು ಶುರುವಾಗುತ್ತದೆ. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟರೆ ಸಾಕು, ಇದು ತಪ್ಪುತ್ತದೆ.

ಬ್ರೇಕಿನ ರಬ್ಬರ್ ಹೋಸ್ ಬಗ್ಗೆ ಇನ್ನೂ ಒಂದು ಮಾತು. ಹೊರಗಿನಿಂದ ನೋಡಿದರೆ ಹೊಸದರಂತೆ ಇರುತ್ತದೆ, ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಆ ಕಡೆಯ ಚಕ್ರ ಹಿಡಿದುಕೊಳ್ಳುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ, ಹತ್ತು ಕಿಲೋಮೀಟರ್ ಓಡಿಸಿದರೆ ಡಿಸ್ಕ್ ಮುಟ್ಟಲಾಗದಷ್ಟು ಬಿಸಿ. ಪರೀಕ್ಷೆ ಸುಲಭ. ಚಕ್ರ ಹಿಡಿದುಕೊಂಡಿರುವಾಗಲೇ ಜಾಕ್ ಏರಿಸಿ, ಹೋಸ್‌ಗಿಂತ ಮೊದಲು ಬರುವ ಲೋಹದ ಪೈಪಿನ ನಟ್ಟನ್ನು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ದೋಷ ಮಾಸ್ಟರ್ ಸಿಲಿಂಡರ್ ಕಡೆ. ಬಿಡದೆ, ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ ತೆರೆದಾಗ ಬಿಟ್ಟರೆ ಹೋಸ್. ಅದಕ್ಕೂ ಬಿಡದಿದ್ದರೆ ಪಿಸ್ಟನ್ ಜಾಮ್ ಆಗಿದೆ. ಯಾವಾಗಿನವು ಎಂದು ಗೊತ್ತಿಲ್ಲದ ಹೋಸ್‌ಗಳನ್ನು ಪರೀಕ್ಷೆಗೂ ಕಾಯದೆ ಒಟ್ಟಿಗೇ ಬದಲಾಯಿಸುವುದು ಮೇಲು.

ಟೈರ್ ನೋಡುವಾಗ ಗುಂಡಿ ಎಷ್ಟಿದೆ ಅಂತ ಮಾತ್ರ ನೋಡಿದರೆ ಸಾಲದು. ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಅದರ ಮೇಲೆ ರಸ್ತೆಗೆ ಇಳಿಯಲೇಬೇಡಿ. ಹತ್ತು ವರ್ಷ ದಾಟಿದ್ದು ಎಷ್ಟೇ ಹೊಸದಾಗಿ ಕಂಡರೂ ತೆಗೆಸಬೇಕು ಅನ್ನುವುದೇ ನನ್ನ ಅಭಿಪ್ರಾಯ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತವೇ ಇರುವುದಿಲ್ಲ. ಸ್ಪೋಕ್ ಚಕ್ರ ಇದ್ದರೆ ಹಬ್‌ನ ಹಲ್ಲುಗಳನ್ನೂ ನೋಡಿ. ಚಕ್ರ ನೆಲದಿಂದ ಎತ್ತಿ, ಒಬ್ಬರು ಬ್ರೇಕ್ ಒತ್ತಿರುವಾಗ ಇನ್ನೊಬ್ಬರು ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಟಕ್ ಟಕ್ ಶಬ್ದ ಬರಬಾರದು. ಬಂದರೆ ಹಲ್ಲು ಸವೆದಿವೆ. ಹಬ್ಬನ್ನೂ ಚಕ್ರವನ್ನೂ ಒಟ್ಟಿಗೆ ಬದಲಾಯಿಸಬೇಕು, ಒಂದನ್ನು ಮಾತ್ರ ಹೊಸದು ಹಾಕಿದರೆ ಹಳೆಯದು ಹೊಸದನ್ನೂ ತಿನ್ನುತ್ತದೆ.

ಬ್ರೇಕ್ ಆದ ಮೇಲೆ ಪೆಟ್ರೋಲ್ ಪೈಪ್. ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರ್ ಪೈಪನ್ನು ಒಳಗಿನಿಂದಲೇ ಹಾಳು ಮಾಡುತ್ತದೆ. ಪೈಪನ್ನು ಬೆರಳಲ್ಲಿ ಮಡಿಸಿ ನೋಡಿ. ಬಿರುಕು ಕಂಡರೆ, ಬೆರಳಿಗೆ ಕಪ್ಪು ಮಸಿ ಹತ್ತಿದರೆ, ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಬದಲಾಯಿಸಿ. ಎಥನಾಲ್ ತಡೆಯುವ ಆರ್9 ದರ್ಜೆಯ ಪೈಪನ್ನೇ ಕೇಳಿ ತನ್ನಿ. ಎಂಜಿಬಿಯಲ್ಲಿ ಕಾರ್ಬುರೇಟರ್‌ಗಳ ಕೆಳಗೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ, ಅಲ್ಲಿ ಒಂದು ಹನಿ ಸೋರಿದರೂ ಬೆಂಕಿ. ಕ್ಲಿಪ್ ಅತಿಯಾಗಿ ಬಿಗಿದರೆ ಪೈಪನ್ನು ಕತ್ತರಿಸುತ್ತದೆ ಅನ್ನುವುದೂ ನೆನಪಿರಲಿ. ಬೆಂಕಿ ಆರಿಸುವ ಸಿಲಿಂಡರ್ ಕೂತಲ್ಲಿಂದಲೇ ಕೈಗೆ ಸಿಗುವ ಹಾಗಿರಬೇಕು.

ಬಾಡಿಯಲ್ಲಿ ನೋಡಬೇಕಾದ ಮುಖ್ಯ ಜಾಗ ಬಾಗಿಲ ಕೆಳಗಿನ ಸಿಲ್. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಇಡೀ ಗಾಡಿಯ ಗಟ್ಟಿತನ ಆ ಸಿಲ್‌ಗಳಲ್ಲಿದೆ. ಬಾಗಿಲು ಮುಚ್ಚಿ, ಜಾಕ್ ಪಾಯಿಂಟ್‌ನಲ್ಲಿ ಎತ್ತಿ, ಬಾಗಿಲಿನ ಸಂದಿ ನೋಡುತ್ತಿರಿ. ಮೇಲಿನ ಸಂದಿ ಕಿರಿದಾಗುತ್ತಾ ಬಂದರೆ, ಬಾಗಿಲು ತೆರೆಯಲು ಬಿಗಿಯಾದರೆ ಒಳಗೆ ತುಕ್ಕು ತಿಂದಿದೆ. ಎಂಜಿನ್ ಕೆಲಸಕ್ಕಿಂತ ಮೊದಲು ಇದಕ್ಕೆ ಖರ್ಚು ಮಾಡಬೇಕಾಗುತ್ತದೆ.

ಕೂಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೇಡಿಯೇಟರ್ ಖಾಲಿ ಮಾಡಿದರೆ ಸಾಲದು, ಎಂಜಿನ್ ಬ್ಲಾಕ್‌ನ ಪಕ್ಕದಲ್ಲಿರುವ ಡ್ರೈನ್ ಪಾಯಿಂಟನ್ನೂ ತೆರೆಯಿರಿ. ಹಲವು ಸಲ ಅಲ್ಲಿಂದ ಒಂದು ತೊಟ್ಟೂ ಬರುವುದಿಲ್ಲ, ತುಕ್ಕಿನ ರಾಡಿ ಕಟ್ಟಿಕೊಂಡಿರುತ್ತದೆ. ಒಂದು ತಂತಿಯಿಂದ ಕೆದಕಿದರೆ ಮೊದಲು ಕಂದು ಕೆಸರು ಬರುತ್ತದೆ, ಆಮೇಲೆ ನೀರು. ಹಿಂದಿನ ಸಿಲಿಂಡರ್ ಸುತ್ತ ಈ ಕೆಸರು ಕೂತಿದ್ದರೆ ಹೊಸ ರೇಡಿಯೇಟರ್ ಹಾಕಿದರೂ ಓವರ್‌ಹೀಟ್ ನಿಲ್ಲುವುದಿಲ್ಲ.

ಆಯಿಲ್ ವಿಷಯದಲ್ಲಿ ದುಬಾರಿಯದ್ದೇ ಒಳ್ಳೆಯದು ಅನ್ನುವ ಭ್ರಮೆ ಬೇಡ. ಈ ಎಂಜಿನ್‌ಗೆ ಬೇಕಾದ್ದು 20ಡಬ್ಲ್ಯೂ-50. ಈಗಿನ ಕಾರುಗಳ ತೆಳು ಆಯಿಲ್‌ಗಳಲ್ಲಿ ರಂಜಕದ ಪ್ರಮಾಣ 800 ಪಿಪಿಎಂ ಮೀರದಂತೆ ಮಿತಿ ಇದೆ, ಹೆಚ್ಚಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ ಎಂದು. ಆದರೆ ಹಳೇ ಎಂಜಿನ್‌ನಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ಒಂದನ್ನೊಂದು ಉಜ್ಜುತ್ತಾ ಓಡುತ್ತವೆ, ಅವುಗಳನ್ನು ಕಾಯುವುದು ಅದೇ ಸತು-ರಂಜಕದ ಅಂಶ. ಅದು ಕಡಿಮೆಯಾದರೆ ಕ್ಯಾಮ್ ಸವೆಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ಓಡುವಾಗ 50ರಿಂದ 80 ಪಿಎಸ್‌ಐ, ಸ್ಲೋ ಸ್ಪೀಡ್‌ನಲ್ಲಿ 10ರಿಂದ 25 ಪಿಎಸ್‌ಐ ಪ್ರೆಷರ್ ಸರಿ. ಎಂಜಿಬಿಯ ಗೇರ್‌ಬಾಕ್ಸ್ ಮತ್ತು ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಓವರ್‌ಡ್ರೈವ್ ಎರಡಕ್ಕೂ ಒಂದೇ ಆಯಿಲ್, ಅದಕ್ಕೆ ಜಾರಿಕೆ ಹೆಚ್ಚಿಸುವ ಯಾವ ಅಡಿಟಿವ್ ಹಾಕಿದರೂ ಓವರ್‌ಡ್ರೈವ್ ಕ್ಲಚ್ ಸ್ಲಿಪ್ ಆಗುತ್ತದೆ. ಏರ್ ಕೂಲ್ಡ್ ಪೋರ್ಷೆ 911 ತಂದವರಿಗೂ ಒಂದು ಎಚ್ಚರಿಕೆ: ಅದರ ಆಯಿಲ್ ಮಟ್ಟ ನೋಡಬೇಕಾದ್ದು ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟಾದ ಜಾಗದಲ್ಲಿ, ಸ್ಟಾರ್ಟ್‌ನಲ್ಲೇ ಇರುವಾಗ. ತಣ್ಣಗಿರುವಾಗ ಕಡ್ಡಿ ನೋಡಿ ಕಡಿಮೆಯಿದೆ ಎಂದು ಲೀಟರ್‌ಗಟ್ಟಲೆ ಸುರಿದವರು ಬಹಳ ಮಂದಿ.

ಗ್ರೀಸ್ ಮರೆಯಬೇಡಿ. ಎಂಜಿಬಿಯ ಮುಂದಿನ ಚಕ್ರಗಳು ಅತ್ತಿತ್ತ ತಿರುಗಲು ಆಧಾರವಾಗಿರುವ ಕಿಂಗ್‌ಪಿನ್‌ಗೆ ಪ್ರತಿ ಬದಿಯಲ್ಲಿ 3 ನಿಪ್ಪಲ್, ಸುಮಾರು 5,000 ಕಿ.ಮೀ.ಗೊಮ್ಮೆ. ಚಕ್ರವನ್ನು ನೆಲದಿಂದ ಎತ್ತಿ ಹೊಡೆಯಿರಿ, ಗಾಡಿಯ ಭಾರ ಮೇಲಿದ್ದರೆ ಗ್ರೀಸ್ ಒತ್ತಡ ಬೀಳುವ ಕಡೆಗೆ ಹೋಗುವುದೇ ಇಲ್ಲ. ಟ್ರಯಂಫ್ ಸ್ಪಿಟ್‌ಫೈರ್ ಕಾರಿನಲ್ಲಿ ಇದೇ ಕೆಲಸ ಮಾಡುವ ಕೆಳಗಿನ ಟ್ರನಿಯನ್‌ಗೆ ಮಾತ್ರ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಬೇಕು. ಅಲ್ಲಿ ಗ್ರೀಸ್ ಗಟ್ಟಿಯಾಗಿ ನಿಂತುಬಿಡುತ್ತದೆ, ನೀರು ಸೇರುತ್ತದೆ, ಥ್ರೆಡ್ ತುಕ್ಕು ಹಿಡಿದು ಒಂದು ದಿನ ಮುರಿದು ಮುಂದಿನ ಚಕ್ರ ಮಡಚಿಕೊಳ್ಳುತ್ತದೆ.

ವೈರಿಂಗ್‌ನಲ್ಲಿ ಮೊದಲು ನೋಡಬೇಕಾದ್ದು ಅರ್ತ್, ಅಂದರೆ ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಲೋಹಕ್ಕೆ ಸೇರಿಸುವ ಜೋಡಣೆ. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ತೆಗೆದು, ಎರಡೂ ತುದಿ ಹೊಳೆಯುವ ಹಾಗೆ ಉಜ್ಜಿ ಕಟ್ಟಿ. 1967ರ ತನಕದ ಎಂಜಿಬಿಗಳಲ್ಲಿ ಅರ್ತ್ ಆಗಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅದು ಗೊತ್ತಿಲ್ಲದೆ ಬ್ಯಾಟರಿ ಜೋಡಿಸಬೇಡಿ. ಇನ್ನು ಫ್ಯೂಸ್. ಲ್ಯೂಕಸ್ ಕಂಪನಿಯ ಹಳೇ ಗಾಜಿನ ಫ್ಯೂಸ್ ಮೇಲೆ 35 ಆಂಪ್ ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ, ಸತತವಾಗಿ ತಡೆಯುವುದು 17 ಆಂಪ್ ಮಾತ್ರ. ಅದೇ ಸಂಖ್ಯೆ ನೋಡಿ ಸತತ 35 ಆಂಪ್ ತಡೆಯುವ ಬೇರೆ ಬಗೆಯ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ.

ಈಗ ಎಂಜಿನ್. ಮೊದಲು ಟ್ಯಾಪೆಟ್. ಹೆಚ್ಚಿನ ಎಂಜಿಬಿಗಳಿಗೆ ಬಿಸಿ ಎಂಜಿನ್‌ನಲ್ಲಿ 0.38 ಮಿ.ಮೀ. ಗ್ಯಾಪ್. ನೆನಪಿಡಲು ಸುಲಭ ಲೆಕ್ಕ ಒಂಬತ್ತರದ್ದು: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಹೊಂದಿಸಿ, 6 ತೆರೆದಾಗ 3, 4 ತೆರೆದಾಗ 5, ಹೀಗೆ ಎರಡನ್ನೂ ಕೂಡಿದರೆ ಯಾವಾಗಲೂ 9. ಎಕ್ಸಾಸ್ಟ್ ವಾಲ್ವ್‌ಗಳ ಗ್ಯಾಪ್ ಪ್ರತಿ ಸಲವೂ ಕಡಿಮೆಯಾಗುತ್ತಾ ಬಂದಿದ್ದರೆ ನೋಟ್‌ಬುಕ್‌ನಲ್ಲಿ ಗುರುತು ಹಾಕಿ. ಸೀಸ ಇಲ್ಲದ ಪೆಟ್ರೋಲಿನಿಂದ ವಾಲ್ವ್ ಸೀಟು ಸವೆದು ಒಳಗೆ ಇಳಿಯುತ್ತಿದೆ ಅಂತ ಅರ್ಥ. ಮುಂದೆ ಹೆಡ್ ಇಳಿಸಿದಾಗ ಗಟ್ಟಿ ಸೀಟು ಕೂರಿಸಬೇಕು.

ಆಮೇಲೆ ಪಾಯಿಂಟ್. ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕ್ಯಾಮ್‌ನ ಉಬ್ಬಿನ ಮೇಲೆ ನಿಂತಾಗ ಗ್ಯಾಪ್ 0.36ರಿಂದ 0.40 ಮಿ.ಮೀ. ನಾಲ್ಕೂ ಉಬ್ಬುಗಳ ಮೇಲೆ ಅಳೆಯಿರಿ. ಒಂದೊಂದರಲ್ಲಿ ಒಂದೊಂದು ಬಂದರೆ ಡಿಸ್ಟ್ರಿಬ್ಯೂಟರ್ ಬುಷ್ ಸವೆದಿದೆ, ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ಕ್ಯಾಮ್‌ಗೆ ತೆಳುವಾಗಿ ಗ್ರೀಸ್ ಸವರಿ. ಒಣಗಿದ್ದರೆ ಪಾಯಿಂಟ್‌ನ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿದರೆ ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ. ಪ್ಲಗ್ ಗ್ಯಾಪ್ 0.64 ಮಿ.ಮೀ. ಗಾಡಿಯಲ್ಲಿರುವ ಹಳೇ ರೋಟರ್, ಕಂಡೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಎಸೆಯಬೇಡಿ. ಈಗ ಸಿಗುವ ಹೊಸವುಗಳಲ್ಲಿ ಕೆಲವು ಅದಕ್ಕಿಂತ ಬೇಗ ಕೆಡುತ್ತವೆ.

ಇಷ್ಟಾದ ಮೇಲೆ ಎಸ್‌ಯು ಕಾರ್ಬುರೇಟರ್. ಮೇಲಿನ ಡ್ಯಾಂಪರ್ ಮುಚ್ಚಳ ಬಿಚ್ಚಿ, ಒಳಗಿನ ಟೊಳ್ಳು ಕಡ್ಡಿಯ ಅಂಚಿಗಿಂತ ಸುಮಾರು 13 ಮಿ.ಮೀ. ಮೇಲಕ್ಕೆ ಬರುವಷ್ಟು 20 ಗ್ರೇಡ್ ಆಯಿಲ್ ಹಾಕಿ. ಅದು ಖಾಲಿಯಾಗಿದ್ದರೆ ಆಕ್ಸಿಲರೇಟರ್ ಒತ್ತಿದೊಡನೆ ಕಾರ್ಬುರೇಟರ್ ಒಳಗಿನ ಪಿಸ್ಟನ್ ಸರ್ರನೆ ಮೇಲೇರುತ್ತದೆ, ಗಾಳಿ ಹೆಚ್ಚಾಗಿ ಎಂಜಿನ್ ಒಂದು ಕ್ಷಣ ಮುಗ್ಗರಿಸುತ್ತದೆ. ಎಷ್ಟೋ ಜನ ಜೆಟ್ ಬದಲಾಯಿಸಲು ಹೊರಡುವುದು ಈ ಎರಡು ಚಮಚ ಆಯಿಲ್ ಇಲ್ಲದ್ದಕ್ಕೆ. ಆಮೇಲೆ ಎರಡೂ ಕಾರ್ಬುರೇಟರ್‌ಗಳನ್ನು ಜೋಡಿಸುವ ಕ್ಲಾಂಪ್ ಸಡಿಲಿಸಿ, ಒಂದು ರಬ್ಬರ್ ಟ್ಯೂಬಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದೇ ಕಾರ್ಬುರೇಟರ್‌ನ ಬಾಯಿಗೆ ಹಿಡಿದು ಕೇಳಿ. ಎರಡರಲ್ಲೂ ಹಿಸ್ ಶಬ್ದ ಒಂದೇ ಸಮ ಬರುವ ತನಕ ಸ್ಲೋ ಸ್ಪೀಡ್ ಸ್ಕ್ರೂ ಹೊಂದಿಸಿ. ಅದೇ ಟ್ಯೂಬನ್ನು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಆಡಿಸಿದರೆ ಗಾಳಿ ಎಳೆಯುವ ಜಾಗವೂ ಗೊತ್ತಾಗುತ್ತದೆ.

ಪೆಟ್ರೋಲ್-ಗಾಳಿಯ ಮಿಕ್ಸ್ಚರ್ ನೋಡಲು ಕಾರ್ಬುರೇಟರ್ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಮಾತ್ರ ಎತ್ತಿ. ಎಂಜಿನ್ ವೇಗ ಸ್ವಲ್ಪ ಏರಿ ಕೂಡಲೇ ಮೊದಲಿನಂತಾದರೆ ಸರಿ. ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಇಳಿದು ನಿಲ್ಲುವ ಹಾಗಾದರೆ ಕಡಿಮೆ. ಕಾರ್ಬುರೇಟರ್ ತಳದ ಜೆಟ್ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ತಿರುಗಿಸಿದರೆ ಹೆಚ್ಚು. ಆರು ಮೂಲೆಯ ನಟ್ಟಿನ ಒಂದೊಂದೇ ಮುಖ, ಎರಡು ಕಾರ್ಬುರೇಟರ್‌ಗೂ ಸಮನಾಗಿ, ಪ್ರತಿ ಸಲ ತಿರುಗಿಸಿದ್ದನ್ನು ಬರೆದುಕೊಳ್ಳುತ್ತಾ ಹೋಗಿ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಸ್ಲೋ ಸ್ಪೀಡ್‌ನಲ್ಲೇ ಬಿಟ್ಟರೆ ಪ್ಲಗ್ ಮಸಿ ಹಿಡಿದು ಪರೀಕ್ಷೆ ತಪ್ಪುತ್ತದೆ, ನಡುನಡುವೆ ಸ್ವಲ್ಪ ರೇಸ್ ಕೊಟ್ಟು ಮುಂದುವರಿಸಿ.

ಕೊನೆಗೆ ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಒಂದು 30 ಕಿ.ಮೀ. ಓಡಿಸಿ ಬನ್ನಿ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ತಿಳಿ ಕಂದು ಬಣ್ಣ ಸರಿ. ಒಣ ಮಸಿ ಇದ್ದರೆ ಜೆಟ್ ನಟ್ಟು ಒಂದು ಮುಖ ಮೇಲಕ್ಕೆ, ಸುಣ್ಣದ ಬಿಳುಪಿದ್ದರೆ ಒಂದು ಮುಖ ಕೆಳಕ್ಕೆ. ನಾಲ್ಕರಲ್ಲಿ ಒಂದೇ ಪ್ಲಗ್ ಬೇರೆ ಬಣ್ಣ ತೋರಿಸಿದರೆ ಕಾರ್ಬುರೇಟರ್ ಮುಟ್ಟಬೇಡಿ, ಆ ಸಿಲಿಂಡರ್‌ನ ಪ್ಲಗ್ ವೈರ್ ಮತ್ತು ಟ್ಯಾಪೆಟ್ ಗ್ಯಾಪ್ ಇನ್ನೊಮ್ಮೆ ನೋಡಿ.