ಇತೈಪು ಅಣೆಕಟ್ಟು: ಪರಾಗ್ವೆಗೆ ದಕ್ಕಿದ್ದೇನು?

ಪರ

ದಕ್ಷಿಣ ಅಮೆರಿಕದ ಪರಾನಾ ನದಿ ಬ್ರೆಜಿಲ್‌ಗೂ ಪರಾಗ್ವೆಗೂ ಗಡಿ. 1960ರ ದಶಕದಲ್ಲಿ ಗುವಾಯಿರಾ ಜಲಪಾತದ ಬಳಿಯ ನೆಲ ಯಾರದೆಂದು ಎರಡೂ ದೇಶಗಳು ಕಿತ್ತಾಡಿದವು. ಬ್ರೆಜಿಲ್ ಸೈನಿಕರನ್ನೂ ಕಳುಹಿಸಿತ್ತು. ಕೊನೆಗೆ 1973ರಲ್ಲಿ ಆ ನದಿಗೆ ಇತೈಪು ಅಣೆಕಟ್ಟು ಕಟ್ಟುವ ಒಪ್ಪಂದವಾಯಿತು: ಅಣೆಕಟ್ಟು ಇಬ್ಬರದು, ವಿದ್ಯುತ್ತು ಅರ್ಧರ್ಧ. ತಕರಾರಿನ ನೆಲದ ಬಹುಪಾಲು ಜಲಾಶಯದಡಿ ಸೇರಿ ಜಗಳವೂ ಮುಳುಗಿತು.

ಕೈಯಲ್ಲಿ ಕಾಸಿಲ್ಲದ ಪರಾಗ್ವೆಗೆ ಇದಕ್ಕಿಂತ ಒಳ್ಳೆಯ ಕರಾರು ಎಲ್ಲಿ ಸಿಗುತ್ತಿತ್ತು? ಅದರ ಪಾಲಿನ ಮೂಲ ಬಂಡವಾಳ 5 ಕೋಟಿ ಡಾಲರ್. ಅದನ್ನೂ ಬ್ರೆಜಿಲ್ಲೇ ಸಾಲ ಕೊಟ್ಟಿತು. ನಿರ್ಮಾಣದ ಸಾಲವನ್ನು ವಿದ್ಯುತ್ ಮಾರಿ ಬಂದ ಹಣದಿಂದಲೇ 2023ರ ಹೊತ್ತಿಗೆ ತೀರಿಸಲಾಯಿತು. ತಲಾ 700 ಮೆಗಾವಾಟ್‌ನ 20 ಯಂತ್ರಗಳು 2016ರಲ್ಲಿ 10,300 ಕೋಟಿ ಯೂನಿಟ್ ಉತ್ಪಾದಿಸಿದವು. ಬ್ರೆಜಿಲ್‌ನ ಜಾಲದಲ್ಲಿ ವಿದ್ಯುತ್ತಿನ ಆವರ್ತನ (ಸೆಕೆಂಡಿಗೆ ಎಷ್ಟು ಆವೃತ್ತಿ ಎಂಬ ಲೆಕ್ಕ) 60 ಹರ್ಟ್ಸ್, ಪರಾಗ್ವೆಯದರಲ್ಲಿ 50. ದೊಡ್ಡವನಿಗಾಗಿ ಚಿಕ್ಕವನು ಬದಲಾಗಲಿಲ್ಲ. ಹತ್ತು ಯಂತ್ರಗಳು ಒಂದು ಲೆಕ್ಕದಲ್ಲಿ, ಹತ್ತು ಇನ್ನೊಂದರಲ್ಲಿ ತಿರುಗುತ್ತಿವೆ.

ವಿರೋಧ

ಅರ್ಧರ್ಧ ಎಂಬುದು ಕಾಗದದ ಮಾತು. ತನ್ನ ಪಾಲನ್ನೆಲ್ಲ ಬಳಸುವಷ್ಟು ಕಾರ್ಖಾನೆಗಳು ಪರಾಗ್ವೆಯಲ್ಲಿ ಇರಲಿಲ್ಲ. ಉಳಿದದ್ದನ್ನು ಮಾರಲು ಹೊರಟರೆ ಕೊಳ್ಳುವವನು ಒಬ್ಬನೇ, ಬ್ರೆಜಿಲ್. ಪಕ್ಕದ ಅರ್ಜೆಂಟೀನಾಕ್ಕೆ ಕೊಡಲು ಒಪ್ಪಂದ ಬಿಡಲಿಲ್ಲ. ಸಿಕ್ಕಿದ್ದು ಮಾರುಕಟ್ಟೆ ಬೆಲೆಯಲ್ಲ, ಗೊತ್ತುಪಡಿಸಿದ ಪರಿಹಾರ. ಒಬ್ಬನೇ ಗಿರಾಕಿ ಇರುವ ಸಂತೆಯಲ್ಲಿ ದರ ಹೇಳುವವನು ಯಾರೆಂದು ಬಿಡಿಸಿ ಹೇಳಬೇಕೇ? 2009ರಲ್ಲಿ ಪರಾಗ್ವೆಯ ಅಧ್ಯಕ್ಷ ಲುಗೊ ಪಟ್ಟು ಹಿಡಿದ ಮೇಲೆ ಬ್ರೆಜಿಲ್‌ನ ಅಧ್ಯಕ್ಷ ಲೂಲಾ ಆ ಮೊತ್ತವನ್ನು ವರ್ಷಕ್ಕೆ 12 ಕೋಟಿ ಡಾಲರ್‌ನಿಂದ 36 ಕೋಟಿಗೆ ಏರಿಸಲು ಒಪ್ಪಿದರು. ಒಂದೇಟಿಗೆ ಮೂರು ಪಟ್ಟು ಕೊಡಬಲ್ಲವರು ಅದುವರೆಗೆ ಎಷ್ಟು ಉಳಿಸಿಕೊಂಡಿದ್ದರು?

ಸಹಿ ಹಾಕಿದ ಎರಡೂ ಸರ್ಕಾರಗಳು ಸರ್ವಾಧಿಕಾರಿಗಳವು. ಜನರನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಗುಟ್ಟಿನ ಚಾಳಿ ಆಮೇಲೂ ಹೋಗಲಿಲ್ಲ. 2019ರಲ್ಲಿ ಬ್ರೆಜಿಲ್ ಜೊತೆ ಸದ್ದಿಲ್ಲದೆ ಮಾಡಿಕೊಂಡ ಕರಾರು ಬಯಲಾಗಿ ಪರಾಗ್ವೆಯ ಅಧ್ಯಕ್ಷ ಅಬ್ದೊ ಬೆನಿತೆಸ್ ಕುರ್ಚಿ ಕಳೆದುಕೊಳ್ಳುವುದರಲ್ಲಿದ್ದರು. ಕರಾರು ರದ್ದಾಯಿತು, ಅವರು ಉಳಿದರು.

ಮುಳುಗಿದ್ದು ಜಗಳವಷ್ಟೇ ಅಲ್ಲ. 1982ರ ಅಕ್ಟೋಬರ್‌ನಲ್ಲಿ ಜಲಾಶಯ ತುಂಬಲು ಎರಡು ವಾರ ಸಾಕಾಯಿತು. ಗುವಾಯಿರಾ ಜಲಪಾತ ಪೂರ್ತಿ ಇಲ್ಲವಾಯಿತು. ಕೊನೆಯದಾಗಿ ನೋಡಿಬರಲು ಜನ ಮುಗಿಬಿದ್ದಿದ್ದ ಆ ವರ್ಷದ ಜನವರಿಯಲ್ಲಿ ಅಲ್ಲಿನ ತೂಗುಸೇತುವೆ ಕುಸಿದು ಹಲವರು ಸತ್ತರು. ನದಿಯ ಎರಡೂ ದಡದ ಆವಾ-ಗ್ವಾರಾನಿ ಮೂಲನಿವಾಸಿಗಳ ಊರುಗಳೂ ನೀರಿನಡಿ ಸೇರಿದವು. ಇತೈಪು ಎಂಬುದು ಗ್ವಾರಾನಿ ನುಡಿಯದೇ ಹೆಸರು: ಸದ್ದು ಮಾಡುವ ಕಲ್ಲು. ನದಿಯ ನಡುವೆ ಹಾಗೆ ಸದ್ದು ಮಾಡುತ್ತಿದ್ದ ಬಂಡೆಯ ಜಾಗದಲ್ಲಿ ಈಗ ಕಾಂಕ್ರೀಟಿದೆ.